ಸವೆದ ದವಡೆಗೆ ಮೂಳೆ ಕಸಿ



ಮನೆಯವರಿಗೆಲ್ಲ ಬಡಿಸಿ ಕೊನೆಗೆ ನಾವು ಉಣ್ಣಲು ಕೂರುತ್ತೇವೆ. ರೊಟ್ಟಿ ಕಚ್ಚಿದರೆ ಹಲ್ಲು ಅಲ್ಲಾಡುತ್ತದೆ. ವಸಡಿನಿಂದ ರಕ್ತ ಬರುತ್ತದೆ. "ವಯಸ್ಸಾಯ್ತು ಬಿಡಿ" ಅಂತೀವಿ. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನುಂಗುತ್ತೇವೆ. "ಮಕ್ಕಳನ್ನು ಹೆತ್ತಷ್ಟೂ ಹಲ್ಲು ಹೋಗುತ್ತೆ" ಎನ್ನುವವರೂ ಇದ್ದಾರೆ.

ಇದು ನಿಜವೇ? ಅಲ್ಲ. ವಯಸ್ಸಾದ ಮಾತ್ರಕ್ಕೆ ಹಲ್ಲು ಬೀಳುವುದಿಲ್ಲ. ಮಗು ಹೊಟ್ಟೆಯೊಳಗಿಂದ ತಾಯಿಯ ಹಲ್ಲನ್ನು ತಿನ್ನುವುದೂ ಇಲ್ಲ. ಬಸುರಿಯ ವಸಡು ಬೇಗ ಊದಿಕೊಳ್ಳುತ್ತದೆ, ಅಷ್ಟೆ. ಆಗ ಬಾಯಿ ಚೊಕ್ಕಟವಾಗಿಟ್ಟರೆ ಹಲ್ಲು ಉಳಿಯುತ್ತದೆ.

ಹಾಗಾದರೆ ಹಲ್ಲು ಏಕೆ ಅಲ್ಲಾಡುತ್ತದೆ? ಅದು ನಿಂತಿರುವ ಮೂಳೆ ಸವೆದಿರುತ್ತದೆ. ಆ ಮೂಳೆಯ ವಿಷಯವನ್ನು ನಾವು ಇಲ್ಲಿ ತಿಳಿಯೋಣ.

ಹಲ್ಲಿನ ಬುಡದಲ್ಲಿ ಏನಿದೆ?

ದೊಡ್ಡವರ ಬಾಯಲ್ಲಿ 32 ಹಲ್ಲುಗಳು. ನಮಗೆ ಕಾಣುವುದು ಹಲ್ಲಿನ ತಲೆ ಮಾತ್ರ. ಅದರ ಬೇರು ವಸಡಿನ ಒಳಗೆ, ದವಡೆ ಮೂಳೆಯ ಗುಳಿಯಲ್ಲಿ ಇರುತ್ತದೆ. ಬೇಲಿಯ ಗೂಟ ಮಣ್ಣಿನಲ್ಲಿ ನಿಂತ ಹಾಗೆ. ಸುತ್ತಲಿನ ಮಣ್ಣು ಕೊಚ್ಚಿ ಹೋದರೆ ಗೂಟ ಗಟ್ಟಿಯಿದ್ದರೂ ನಿಲ್ಲುತ್ತದೆಯೇ? ಹಲ್ಲಿನ ಕತೆಯೂ ಅಷ್ಟೆ.

ಮೂಳೆ ಅಂದರೆ ಸತ್ತ ಕಲ್ಲಲ್ಲ. ಅದಕ್ಕೆ ಜೀವವಿದೆ. ಅದರೊಳಗೆ ರಕ್ತ ಹರಿಯುತ್ತದೆ. ಹಳೆಯ ಮೂಳೆ ಕರಗಿ ಹೊಸ ಮೂಳೆ ಬೆಳೆಯುತ್ತಲೇ ಇರುತ್ತದೆ. ನಾವು ಅಗಿಯುವಾಗ ಹಲ್ಲಿನ ಒತ್ತಡ ಮೂಳೆಗೆ ಬೀಳುತ್ತದೆ. ಆ ಒತ್ತಡವೇ ಮೂಳೆಯನ್ನು ಗಟ್ಟಿಯಾಗಿಡುತ್ತದೆ. ಕೆಲಸವಿಲ್ಲದ ಮೂಳೆ ಕರಗುತ್ತದೆ.

ಮೂಳೆ ಸವೆಯುವುದು ಹೇಗೆ?

ಮೊದಲ ಕಾರಣ ವಸಡಿನ ರೋಗ. ಹಲ್ಲಿನ ಬುಡದಲ್ಲಿ ಕೊಳೆ ಕೂರುತ್ತದೆ. ದಿನ ಕಳೆದಂತೆ ಅದು ಗಾರೆಯಂತೆ ಗಟ್ಟಿಯಾಗುತ್ತದೆ. ವಸಡು ಊದುತ್ತದೆ, ರಕ್ತ ಬರುತ್ತದೆ. ಆಗಲೂ ಸುಮ್ಮನಿದ್ದರೆ ರೋಗ ಮೂಳೆಗೆ ಇಳಿಯುತ್ತದೆ. ಇದರಲ್ಲಿ ಬಹಳ ಸಲ ನೋವೇ ಇರುವುದಿಲ್ಲ. ಅದಕ್ಕೇ ನಾವು ಮೋಸ ಹೋಗುತ್ತೇವೆ.

ಎರಡನೆಯದು ಹೊಗೆಸೊಪ್ಪು. ಕಡ್ಡಿಪುಡಿ, ಗುಟ್ಕಾ, ಬೀಡಿ ಎಲ್ಲವೂ ಇದರಲ್ಲಿ ಸೇರಿವೆ. ಕಡ್ಡಿಪುಡಿ ಇಟ್ಟುಕೊಳ್ಳುವ ಜಾಗದಲ್ಲಿ ವಸಡು ಕೆಳಗೆ ಜಾರುತ್ತದೆ. ಬಾಯಿ ಕ್ಯಾನ್ಸರಿನ ಭಯವೂ ಇದೆ. ಬಾಯಲ್ಲಿ ಎರಡು ವಾರಕ್ಕೂ ಮಾಯದ ಹುಣ್ಣಿದ್ದರೆ ತಡಮಾಡದೆ ಡಾಕ್ಟರಿಗೆ ತೋರಿಸಿ.

ಮೂರನೆಯದು ಸಕ್ಕರೆ ಕಾಯಿಲೆ. ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ವಸಡಿನ ರೋಗ ಜೋರಾಗುತ್ತದೆ.

ನಾಲ್ಕನೆಯದು ಹಲ್ಲು ಕಿತ್ತ ಜಾಗ. ಅಲ್ಲಿ ಮೂಳೆಗೆ ಕೆಲಸವಿಲ್ಲ. ಹಲ್ಲು ಕಿತ್ತ ಮೊದಲ ವರ್ಷದಲ್ಲಿ ಆ ಜಾಗದ ಮೂಳೆಯ ಅಗಲ ಸುಮಾರು ಅರ್ಧದಷ್ಟು ಕಡಿಮೆಯಾಗಬಹುದು. ಅದರಲ್ಲೂ ಮೊದಲ ಮೂರು ತಿಂಗಳಲ್ಲೇ ಹೆಚ್ಚು. ಬೊಚ್ಚುಬಾಯಿಯ ಅಜ್ಜಿಯ ಕೆನ್ನೆ ಒಳಗೆ ಹೋಗಿ, ಗದ್ದ ಮುಂದೆ ಬಂದ ಹಾಗೆ ಕಾಣುವುದು ಇದರಿಂದಲೇ.

"ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತೆ" ಎಂಬ ಹೆದರಿಕೆ ಹಲವರಿಗಿದೆ. ಅದು ಸುಳ್ಳು. ಹಲ್ಲಿಗೂ ದೃಷ್ಟಿಗೂ ಸಂಬಂಧವಿಲ್ಲ.

ಮೂಳೆ ಕಸಿ ಅಂದರೇನು?

ಮಾವಿನ ಗಿಡಕ್ಕೆ ಕಸಿ ಕಟ್ಟುವುದನ್ನು ನೀವು ನೋಡಿದ್ದೀರಿ. ಮೂಳೆಗೂ ಕಸಿ ಮಾಡುತ್ತಾರೆ. ಡಾಕ್ಟರುಗಳು ಇದನ್ನು ಬೋನ್ ಗ್ರಾಫ್ಟ್ ಎನ್ನುತ್ತಾರೆ.

ಕಸಿಗೆ ಬೇಕಾದ ಮೂಳೆ ಎಲ್ಲಿಂದ ಬರುತ್ತದೆ? ನಾಲ್ಕು ದಾರಿಗಳಿವೆ.

1. ನಮ್ಮದೇ ಮೂಳೆ. ಗದ್ದದಿಂದ ಅಥವಾ ಕೆಳದವಡೆಯ ಹಿಂಭಾಗದಿಂದ ಸ್ವಲ್ಪ ತೆಗೆಯುತ್ತಾರೆ. ಹೆಚ್ಚು ಬೇಕಾದರೆ ಸೊಂಟದ ಮೂಳೆಯಿಂದ ತೆಗೆಯುತ್ತಾರೆ.
2. ಬೇರೆ ಮನುಷ್ಯರು ದಾನ ಮಾಡಿದ ಮೂಳೆ. ಅದನ್ನು ಶುದ್ಧಮಾಡಿ ಇಟ್ಟಿರುತ್ತಾರೆ.
3. ಪ್ರಾಣಿಯ ಮೂಳೆ. ಹೆಚ್ಚಾಗಿ ದನದ್ದು. ಇದನ್ನೂ ಶುದ್ಧಮಾಡಿ ಪುಡಿಯಾಗಿ ಕೊಡುತ್ತಾರೆ.
4. ಕಾರ್ಖಾನೆಯಲ್ಲಿ ಮಾಡಿದ ಪುಡಿ. ಇದರಲ್ಲಿ ಮೂಳೆಯಲ್ಲಿರುವಂಥ ಸುಣ್ಣದ ಅಂಶ ಇರುತ್ತದೆ.

ಯಾವುದನ್ನು ಹಾಕುತ್ತೀರಿ ಎಂದು ಡಾಕ್ಟರನ್ನು ಕೇಳುವ ಹಕ್ಕು ನಮಗಿದೆ. ಯಾವುದಾದರೂ ಒಂದು ನಿಮ್ಮ ಮನಸ್ಸಿಗೆ ಒಪ್ಪದಿದ್ದರೆ ಮೊದಲೇ ಹೇಳಿ. ಸಂಕೋಚ ಬೇಡ.

ಕಸಿ ಮಾಡುವುದು ಹೇಗೆ?

ಮೊದಲು ಎಕ್ಸ್‌ರೇ ತೆಗೆದು ಮೂಳೆ ಎಷ್ಟು ಉಳಿದಿದೆ ಎಂದು ನೋಡುತ್ತಾರೆ. ಬಾಯಲ್ಲಿ ರೋಗವಿದ್ದರೆ ಅದನ್ನು ವಾಸಿಮಾಡುತ್ತಾರೆ. ಆಮೇಲೆ ಇಂಜೆಕ್ಷನ್ ಕೊಟ್ಟು ಆ ಜಾಗವನ್ನು ಜೋಮು ಹಿಡಿಸುತ್ತಾರೆ. ವಸಡನ್ನು ಸ್ವಲ್ಪ ಬಿಡಿಸಿ, ಸವೆದ ಜಾಗಕ್ಕೆ ಮೂಳೆಪುಡಿ ತುಂಬುತ್ತಾರೆ. ಬಹಳ ಸಲ ಮೇಲೆ ತೆಳುವಾದ ಪೊರೆ ಮುಚ್ಚುತ್ತಾರೆ. ಕೊನೆಗೆ ಹೊಲಿಗೆ ಹಾಕುತ್ತಾರೆ.

ಹಾಕಿದ ಪುಡಿ ಅಂದೇ ಮೂಳೆಯಾಗುವುದಿಲ್ಲ. ಹೀರೇಬಳ್ಳಿಗೆ ಚಪ್ಪರ ಹಾಕುತ್ತೇವಲ್ಲ, ಇದೂ ಹಾಗೆ. ಚಪ್ಪರವೇ ಬಳ್ಳಿಯಲ್ಲ. ಅದರ ಮೇಲೆ ಬಳ್ಳಿ ಹಬ್ಬಬೇಕು. ಪುಡಿಯ ನಡುವೆ ನಮ್ಮ ರಕ್ತನಾಳಗಳು ನುಗ್ಗುತ್ತವೆ. ಆಮೇಲೆ ನಮ್ಮದೇ ಹೊಸ ಮೂಳೆ ಬೆಳೆಯುತ್ತದೆ. ಇದಕ್ಕೆ ನಾಲ್ಕರಿಂದ ಆರು ತಿಂಗಳು, ಕೆಲವರಿಗೆ ಇನ್ನೂ ಹೆಚ್ಚು ಬೇಕಾಗುತ್ತದೆ.

ಮೂಳೆ ಬೆಳೆದ ಮೇಲೆ ಅಲ್ಲಿ ಟೈಟಾನಿಯಂ ಎಂಬ ಲೋಹದ ಸಣ್ಣ ತಿರುಪು ಕೂರಿಸಿ, ಅದರ ಮೇಲೆ ಹಲ್ಲು ಕಟ್ಟುತ್ತಾರೆ. ಇದಕ್ಕೆ ಇಂಪ್ಲಾಂಟ್ ಎಂದು ಹೆಸರು. ಈ ಲೋಹ ಮೂಳೆಗೆ ಬಿಗಿಯಾಗಿ ಕೂಡಿಕೊಳ್ಳುವುದನ್ನು ಸ್ವೀಡನ್ ದೇಶದ ಡಾಕ್ಟರ್ ಬ್ರೋನೆಮಾರ್ಕ್ ಮೊಲದ ಮೂಳೆಯಲ್ಲಿ ಕಂಡುಕೊಂಡರು. 1965ರಲ್ಲಿ ಅವರು ಮೊದಲ ಬಾರಿಗೆ ಮನುಷ್ಯನ ದವಡೆಗೆ ಇಂಥ ತಿರುಪು ಹಾಕಿದರು. ಅದು ನಲವತ್ತು ವರ್ಷಕ್ಕೂ ಹೆಚ್ಚು ಬಾಳಿತು.

ಎಲ್ಲರಿಗೂ ಕಸಿ ಬೇಕೇ?

ಬೇಡ. ಇದು ಮುಖ್ಯವಾದ ಮಾತು, ನೆನಪಿಡಿ. ಕಸಿಗೂ ಇಂಪ್ಲಾಂಟಿಗೂ ಬಹಳ ಹಣ ಬೇಕು. ಸಂಘದಲ್ಲಿ ಸಾಲ ತೆಗೆಯುವ ಮುಂಚೆ ಬೇರೆ ದಾರಿ ಇದೆಯೇ ಎಂದು ಕೇಳಿ. ತೆಗೆದು ಹಾಕುವ ಹಲ್ಲುಸೆಟ್ಟಿಗೆ ಸಾಮಾನ್ಯವಾಗಿ ಕಸಿ ಬೇಕಾಗುವುದಿಲ್ಲ. ಒಂದೆರಡು ಹಲ್ಲು ಹೋಗಿದ್ದರೆ ಪಕ್ಕದ ಹಲ್ಲುಗಳ ಆಧಾರದಲ್ಲೂ ಹಲ್ಲು ಕಟ್ಟಬಹುದು. ಬಡ ಕುಟುಂಬದ ವಯಸ್ಸಾದವರಿಗೆ ಉಚಿತವಾಗಿ ಹಲ್ಲುಸೆಟ್ಟು ಕೊಡಲು ಕರ್ನಾಟಕ ಸರ್ಕಾರ ದಂತಭಾಗ್ಯ ಯೋಜನೆಯನ್ನು ತಂದಿತು. ಈಗ ನಿಮ್ಮ ಊರಿನವರಿಗೆ ಏನು ಸಿಗುತ್ತದೆ ಎಂದು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ದಂತ ವೈದ್ಯ ಕಾಲೇಜಿನ ಆಸ್ಪತ್ರೆಗಳಲ್ಲಿ ಖರ್ಚು ಸಾಮಾನ್ಯವಾಗಿ ಕಡಿಮೆ.

ಕೆಲವರ ಹಲ್ಲು ಅಲ್ಲಾಡುತ್ತಿದ್ದರೂ ಅದನ್ನು ಉಳಿಸಬಹುದು. ಹಲ್ಲಿನ ಪಕ್ಕದ ಮೂಳೆಯಲ್ಲಿ ಬಿದ್ದ ಹಳ್ಳಕ್ಕೆ ಕಸಿ ತುಂಬುತ್ತಾರೆ. ಆದರೆ ಎಲ್ಲ ಹಲ್ಲಿಗೂ ಇದು ಆಗುವುದಿಲ್ಲ. ಹಲ್ಲು ಕೀಳಲೇಬೇಕಾದರೆ, "ಮುಂದೆ ಹಲ್ಲು ಕಟ್ಟಿಸಬೇಕು, ಈ ಗುಳಿಯನ್ನು ಈಗಲೇ ತುಂಬಿದರೆ ಒಳ್ಳೇದಾ ಡಾಕ್ಟರೇ?" ಎಂದು ಕೀಳಿಸುವ ಮೊದಲೇ ಕೇಳಿ.

ಕಸಿ ಮಾಡಿಸುವವರು ಈ ವಿಷಯಗಳನ್ನು ಮುಚ್ಚಿಡಬಾರದು: ಸಕ್ಕರೆ ಕಾಯಿಲೆ, ಬಿ.ಪಿ., ಬಸುರು, ರಕ್ತ ತೆಳುಮಾಡುವ ಮಾತ್ರೆ, ಮೂಳೆ ಸವೆತಕ್ಕೆ ತೆಗೆದುಕೊಳ್ಳುವ ಮಾತ್ರೆ ಅಥವಾ ಇಂಜೆಕ್ಷನ್, ಹೊಗೆಸೊಪ್ಪಿನ ಚಟ. ಹೊಗೆಸೊಪ್ಪು ಬಿಡದಿದ್ದರೆ ಕಸಿ ಹಿಡಿಯದೆ ಹಣವೂ ಹೋಗುತ್ತದೆ, ನೋವೂ ಉಳಿಯುತ್ತದೆ.

ಕಸಿಯ ನಂತರ

ಮೊದಲ ದಿನ ಜೋರಾಗಿ ಬಾಯಿ ಮುಕ್ಕಳಿಸಬೇಡಿ, ಉಗುಳಬೇಡಿ. ಗಂಜಿ, ಅಂಬಲಿ, ಮೆತ್ತನೆ ಅನ್ನ ತಣ್ಣಗೆ ಮಾಡಿಕೊಂಡು ಉಣ್ಣಿ. ಮಾರನೆಯ ದಿನದಿಂದ ಉಗುರುಬೆಚ್ಚಗಿನ ಉಪ್ಪುನೀರನ್ನು ಮೆಲ್ಲಗೆ ಬಾಯಲ್ಲಿ ಆಡಿಸಿ. ಡಾಕ್ಟರ್ ಕೊಟ್ಟ ಮಾತ್ರೆ ಪೂರ್ತಿ ನುಂಗಿ. ಎರಡು ಮೂರು ದಿನ ಊತ ಇರುವುದು ಸಹಜ. ಆದರೆ ಅದಾದ ಮೇಲೂ ಊತ ಹೆಚ್ಚಿದರೆ, ಜ್ವರ ಬಂದರೆ, ಕೀವು ಕಂಡರೆ, ರಕ್ತ ನಿಲ್ಲದಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಿ.

ಸಹಿ ಹಾಕುವ ಮುಂಚೆ

ಆಸ್ಪತ್ರೆಯಲ್ಲಿ ಒಂದು ಒಪ್ಪಿಗೆ ಪತ್ರ ಕೊಡುತ್ತಾರೆ. ಹಿಂದೆ ನಾವು ಕೇಳಿದ ಕಡೆ ಹೆಬ್ಬೆಟ್ಟು ಒತ್ತಿ ಬರುತ್ತಿದ್ದೆವು. ಈಗ ನಮಗೆ ಓದು ಬಂದಿದೆ. ಆ ಪತ್ರವನ್ನು ನಿಧಾನವಾಗಿ ಓದಿ. ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಹೇಳಿ ಎಂದು ಕೇಳಿ. ಒಟ್ಟು ಖರ್ಚು ಎಷ್ಟು, ಎಷ್ಟು ಸಲ ಬರಬೇಕು, ಕಸಿ ಹಿಡಿಯದಿದ್ದರೆ ಏನು ಮಾಡುತ್ತೀರಿ — ಈ ಮೂರು ಪ್ರಶ್ನೆ ಕೇಳಿ, ಉತ್ತರವನ್ನು ನಿಮ್ಮ ಕೈಯಾರೆ ಬರೆದುಕೊಳ್ಳಿ. ಆಮೇಲೆ ಸಹಿ ಹಾಕಿ.

ಕಸಿಗಿಂತ ಕಾಪಾಡುವುದು ಮೇಲು. ಬೆಳಿಗ್ಗೆ ಒಂದು ಸಲ, ರಾತ್ರಿ ಮಲಗುವಾಗ ಒಂದು ಸಲ ಮೆತ್ತನೆಯ ಬ್ರಷ್ಷಿನಿಂದ ಹಲ್ಲುಜ್ಜಿ. ಬೂದಿ, ಇದ್ದಿಲು, ಇಟ್ಟಿಗೆ ಪುಡಿ ಬೇಡ. ಕಡ್ಡಿಪುಡಿ ಬಿಡಿ. ವಸಡಿನಲ್ಲಿ ರಕ್ತ ಕಂಡರೆ ನೋವು ಬರುವ ತನಕ ಕಾಯಬೇಡಿ. ಆಗಲೇ ಹಲ್ಲು ಕ್ಲೀನ್ ಮಾಡಿಸಿದರೆ ಮೂಳೆ ಉಳಿಯುತ್ತದೆ.

ಯೋಚಿಸಿ, ಮಾತಾಡಿ

1. ನಮ್ಮ ಓಣಿಯಲ್ಲಿ ಎಷ್ಟು ಹೆಂಗಸರು ಕಡ್ಡಿಪುಡಿ ಹಾಕುತ್ತಾರೆ? ಬಿಡಿಸಲು ನಾವೇನು ಮಾಡಬಹುದು?
2. ನಿಮ್ಮ ವಸಡಿನಲ್ಲಿ ರಕ್ತ ಬರುತ್ತದೆಯೇ? ಕನ್ನಡಿಯಲ್ಲಿ ನೋಡಿ.
3. ಹಲ್ಲಿನ ಡಾಕ್ಟರ್ ನಮ್ಮ ತಾಲ್ಲೂಕು ಆಸ್ಪತ್ರೆಗೆ ಯಾವ ದಿನ ಬರುತ್ತಾರೆ? ತಿಳಿದು, ಕಲಿಕಾ ಕೇಂದ್ರದ ಹಲಗೆಯ ಮೇಲೆ ಬರೆಯಿರಿ.