ಹಳೆಯ ಕಂಪ್ಯೂಟರಿನ ಜೀರ್ಣೋದ್ಧಾರ

ಮನೆಯ ಮೂಲೆಯಲ್ಲಿ ಧೂಳು ಹಿಡಿದು ಕುಳಿತ ಹಳೆಯ ಕಂಪ್ಯೂಟರನ್ನು ಏನು ಮಾಡಬೇಕೆಂಬ ಪ್ರಶ್ನೆಯು ಈಗ ಅನೇಕ ಗೃಹಸ್ಥರನ್ನು ಬಾಧಿಸುತ್ತಿದೆ. ಹತ್ತು ಹನ್ನೆರಡು ವರ್ಷಗಳ ಹಿಂದೆ ಮಕ್ಕಳ ವಿದ್ಯಾಭ್ಯಾಸಕ್ಕೆಂದು ಸಾಲಸೋಲ ಮಾಡಿ ತಂದ ಯಂತ್ರವದು. ಓದುಬರಹಕ್ಕೂ ಲೆಕ್ಕಪತ್ರಕ್ಕೂ ಅದು ಇಂದಿಗೂ ಸಾಲುವುದು. ಆದರೆ ಮನೆಯ ಕಿರಿಯರು ಹೊಸ ಆಟವೊಂದನ್ನು ಅದರಲ್ಲಿ ಆಡಹೊರಟರೆ ಚಿತ್ರಗಳು ತಡವರಿಸಿ ತಡವರಿಸಿ ನಿಲ್ಲುವುವು. “ಹೊಸತು ಕೊಡಿಸಿ” ಎಂದು ಮಕ್ಕಳು; “ಆಟಕ್ಕಾಗಿ ಕಾಸು ಬಿಚ್ಚುವವರಲ್ಲ” ಎಂದು ಹಿರಿಯರು. ಈ ಉಭಯ ಪಕ್ಷಗಳ ನಡುವೆ ಮೂರನೆಯ ಮಾರ್ಗವೊಂದುಂಟು. ದೇವಾಲಯವು ಶಿಥಿಲವಾದಾಗ ನಾವು ಗರ್ಭಗುಡಿಯನ್ನು ಕೆಡವುವುದಿಲ್ಲ. ಹುಳ ಹಿಡಿದ ತೊಲೆಗಳನ್ನೂ ಒಡೆದ ಹೆಂಚುಗಳನ್ನೂ ಬದಲಿಸುತ್ತೇವೆ. ಕಂಪ್ಯೂಟರಿನ ವಿಷಯದಲ್ಲಿಯೂ ಜೀರ್ಣೋದ್ಧಾರವೆಂಬುದು ಸಾಧ್ಯವಾದ ಮಾತು. ಆದರೆ ಯಾವ ತೊಲೆಗೆ ಹುಳ ಹಿಡಿದಿದೆಯೆಂಬುದನ್ನು ಮೊದಲು ತಿಳಿಯಬೇಕು.

ಇದಕ್ಕೆ ದೃಷ್ಟಾಂತವನ್ನು ದೂರದಿಂದ ತರಬೇಕಾಗಿಲ್ಲ. ನಮ್ಮ ಪಂಪ್‌ವೆಲ್ ವೃತ್ತವೇ ಸಾಕು. ಕೇರಳದಿಂದ ಉಡುಪಿಯತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ ೬೬, ಬಿ.ಸಿ. ರೋಡಿನ ಕಡೆಯಿಂದ ಬರುವ ವಾಹನಗಳು, ಕಂಕನಾಡಿಯ ಮೂಲಕ ನಗರವನ್ನು ಹೊಗುವ ದಾರಿ, ಇವೆಲ್ಲವೂ ಕೂಡುವ ಸ್ಥಳವಿದು. ಅತ್ತಿತ್ತಲ ರಸ್ತೆಗಳು ಎಷ್ಟು ಅಗಲವಾದರೂ ವೃತ್ತದಲ್ಲಿ ಇಕ್ಕಟ್ಟಾದರೆ ಪ್ರಯಾಣಿಕನಿಗೆ ಪ್ರಯೋಜನವೇನು? ವರ್ಷಗಟ್ಟಲೆ ಕುಂಟುತ್ತ ಸಾಗಿದ ಮೇಲ್ಸೇತುವೆಯು ೨೦೨೦ರ ಜನವರಿ ೩೧ರಂದು ಸಂಚಾರಕ್ಕೆ ತೆರೆದ ಮೇಲೆ ಮೇಲಿನ ಓಟವೇನೋ ಸರಾಗವಾಯಿತು. ಆದರೆ ಜಡಿಮಳೆ ಹಿಡಿದ ದಿನ ಕೆಳಗೆ ನೀರು ನಿಂತಾಗ, ಇಕ್ಕಟ್ಟು ಮತ್ತೊಂದೆಡೆ ಇರುವುದು ಗೋಚರವಾಗುತ್ತದೆ. ಯಂತ್ರದ ರೀತಿಯೂ ಇದೇ. ಅದರ ವೇಗವು ಅತ್ಯಂತ ದುರ್ಬಲವಾದ ಅಂಗವನ್ನು ಅವಲಂಬಿಸಿದೆ; ಒಂದನ್ನು ಸರಿಪಡಿಸಿದೊಡನೆ ಮತ್ತೊಂದು ದುರ್ಬಲವೆನಿಸುತ್ತದೆ.

ಆಟದ ಯಂತ್ರಕ್ಕೆ ಇಷ್ಟೊಂದು ಶ್ರಮವೇಕೆಂದು ಕೇಳುವವರಿಗೆ ಒಂದು ಸರಳ ಗಣಿತ. ಸಾಮಾನ್ಯ ಪರದೆಯಲ್ಲಿ ಅಡ್ಡಕ್ಕೆ ೧೯೨೦, ಉದ್ದಕ್ಕೆ ೧೦೮೦, ಒಟ್ಟು ೨೦,೭೩,೬೦೦ ಬಿಂದುಗಳಿರುತ್ತವೆ. ಚಲನೆಯು ನಯವಾಗಿ ಕಾಣಬೇಕಾದರೆ ಸೆಕೆಂಡಿಗೆ ೬೦ ಚಿತ್ರಗಳು ಮೂಡಬೇಕು. ಅರ್ಥಾತ್, ಸೆಕೆಂಡಿನ ೬೦ರಲ್ಲಿ ಒಂದು ಪಾಲಿನೊಳಗೆ ಅಷ್ಟೂ ಬಿಂದುಗಳಿಗೆ ಹೊಸದಾಗಿ ಬಣ್ಣ ತುಂಬಬೇಕು. ಈ ಚಿತ್ರಗಾರನ ಕೆಲಸವು ಗ್ರಾಫಿಕ್ಸ್ ಕಾರ್ಡಿನದು, ಯಾವುದು ಎಲ್ಲಿದೆ, ಚೆಂಡು ಎತ್ತ ಹಾರಿತು ಎಂಬ ಲೆಕ್ಕವು ಪ್ರೊಸೆಸರಿನದು, ಸದ್ಯಕ್ಕೆ ಬೇಕಾದುದನ್ನು ಕೈಯಳತೆಯಲ್ಲಿ ಇರಿಸುವುದು ರ‍್ಯಾಮ್, ಉಗ್ರಾಣವು ಡಿಸ್ಕು.

ಇನ್ನು ಪ್ರಕೃತ ವಿಷಯಕ್ಕೆ ಬರೋಣ. ಪಂಪ್‌ವೆಲ್ಲಿನ ಸಮೀಪದ ಒಂದು ಮನೆ. ತಾಯಿ ಹೊಲಿಗೆಯಿಂದ ಸಂಸಾರ ನಡೆಸುವವರು. ಮಗ ಪದವಿ ತರಗತಿಯ ವಿದ್ಯಾರ್ಥಿ. ರಜಾದಿನಗಳಲ್ಲಿ ಮದುವೆಯ ಊಟಗಳಲ್ಲಿ ಬಡಿಸುವ ಕೆಲಸಕ್ಕೆ ಹೋಗಿ ಅವನು ಎಂಟು ಸಾವಿರ ರೂಪಾಯಿ ಕೂಡಿಟ್ಟಿದ್ದ. ೨೦೧೪ರಲ್ಲಿ ಅಕ್ಕನ ಓದಿಗೆಂದು ತಂದ ಕಂಪ್ಯೂಟರಿನಲ್ಲಿ ಗೆಳೆಯರೊಡನೆ ಆಡಬೇಕೆಂಬುದು ಅವನ ಆಸೆ. ಅಂಗಡಿಯೊಂದರಲ್ಲಿ ಕೇಳಿದರೆ, “ಇದರಲ್ಲಿ ಏನೂ ಇಲ್ಲ, ಐವತ್ತು ಸಾವಿರ ತನ್ನಿ” ಎಂದರಂತೆ. ತಾಯಿ ನಮ್ಮಲ್ಲಿಗೆ ಬಂದು, “ಮಾಸ್ಟ್ರೇ, ಇದನ್ನು ಗುಜರಿಗೆ ಹಾಕುವುದೋ, ಹುಡುಗನ ದುಡಿಮೆಯ ಹಣವನ್ನು ಇದಕ್ಕೇ ಸುರಿಯುವುದೋ, ನೀವೇ ಒಂದು ಮಾತು ಹೇಳಿ” ಎಂದರು. ಆ ಹಣವು ಮುಂದಿನ ವರ್ಷದ ಶುಲ್ಕಕ್ಕೂ ಒದಗಬಹುದಾಗಿದ್ದ ಹಣ. ಆದಕಾರಣ ಪ್ರಶ್ನೆ ಸಣ್ಣದಾಗಿರಲಿಲ್ಲ.

ಪ್ರಥಮತಃ ನಿದಾನ, ತದನಂತರ ಚಿಕಿತ್ಸೆ ಎಂಬುದು ವೈದ್ಯರ ಕ್ರಮ. ಹುಡುಗನಿಗೆ ಆಟ ನಡೆಯುತ್ತಿರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಗುಂಡಿಗಳನ್ನು ಕೂಡಿ ಒತ್ತಿ ಟಾಸ್ಕ್ ಮ್ಯಾನೇಜರನ್ನು ತೆರೆಯಲು ಹೇಳಿದೆವು. ಯಾವ ಅಂಗವು ನೂರಕ್ಕೆ ನೂರು ದುಡಿಯುತ್ತಿದೆಯೋ ಅದೇ ಇಕ್ಕಟ್ಟಿನ ಸ್ಥಳ. ಅಲ್ಲಿ ಕಂಡುದಿಷ್ಟು: ರ‍್ಯಾಮ್ ೪ ಜಿಬಿ, ತುಂಬಿ ತುಳುಕುತ್ತಿದೆ, ಹಾರ್ಡ್ ಡಿಸ್ಕು ಏದುಸಿರು ಬಿಡುತ್ತಿದೆ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು ಇಲ್ಲವೇ ಇಲ್ಲ. ಪ್ರೊಸೆಸರು ಇಂಟೆಲ್‌ನ ನಾಲ್ಕನೆಯ ಪೀಳಿಗೆಯ ಐ೫; ಮುಪ್ಪಾದರೂ ಶಕ್ತಿ ಉಡುಗಿರಲಿಲ್ಲ.

ಮೊದಲನೆಯ ಉಪಚಾರಕ್ಕೆ ಖರ್ಚು ಅತ್ಯಲ್ಪ. ಪೆಟ್ಟಿಗೆಯನ್ನು ಬಿಚ್ಚಿ, ಫ್ಯಾನುಗಳ ಧೂಳು ತೆಗೆದು, ಪ್ರೊಸೆಸರಿನ ಮೇಲಿನ ಒಣಗಿದ ಥರ್ಮಲ್ ಪೇಸ್ಟನ್ನು ಒರೆಸಿ ಹೊಸತನ್ನು ಹಚ್ಚಬೇಕು. ಅತಿಯಾಗಿ ಕಾದ ಪ್ರೊಸೆಸರು ಆತ್ಮರಕ್ಷಣೆಗಾಗಿ ತಾನೇ ವೇಗವನ್ನು ಇಳಿಸಿಕೊಳ್ಳುತ್ತದೆಯೆಂಬುದು ಅನೇಕರಿಗೆ ತಿಳಿಯದು. ನಮ್ಮ ಕರಾವಳಿಯ ತೇವದ ಗಾಳಿಗೆ ಲೋಹದ ಸಂಧಿಗಳು ಮಂಕಾಗುವುದೂ ಉಂಟು.

ಎರಡನೆಯದು ಉಗ್ರಾಣ. ಹಾರ್ಡ್ ಡಿಸ್ಕಿನಲ್ಲಿ ತಟ್ಟೆಯು ತಿರುಗಬೇಕು, ಕಡ್ಡಿಯು ಅತ್ತಿತ್ತ ಓಡಬೇಕು. ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗವೇ ಇಲ್ಲ. ಸಾಟಾ ತಂತಿಯ ಎಸ್‌ಎಸ್‌ಡಿಯು ಸೆಕೆಂಡಿಗೆ ಸುಮಾರು ೫೫೦ ಮೆಗಾಬೈಟ್ ಓದಬಲ್ಲದು. ಹಳೆಯ ಡಿಸ್ಕು ೧೫೦ನ್ನು ಮುಟ್ಟಿದರೆ ಹೆಚ್ಚು. ಇದರಿಂದ ಆಟ ತೆರೆಯುವ ಕಾಲ ಕಡಿಮೆಯಾಗುತ್ತದೆ. ಆದರೆ ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ ಬಹುಮಟ್ಟಿಗೆ ಹೆಚ್ಚುವುದಿಲ್ಲ. ಈ ಭೇದವನ್ನು ಮರೆಯಬಾರದು.

ಮೂರನೆಯದು ರ‍್ಯಾಮ್. ಡಿಡಿಆರ್೩ ಬೇಡುವ ಮದರ್‌ಬೋರ್ಡಿಗೆ ಡಿಡಿಆರ್೪ ಹೊಂದದು. ಎರಡರ ಕಚ್ಚು ಬೇರೆ, ವೋಲ್ಟೇಜು ಬೇರೆ. ಸಮಾನವಾದ ಎರಡು ಪಟ್ಟಿಗಳನ್ನು ತಕ್ಕ ಸ್ಥಾನಗಳಲ್ಲಿ ಹಾಕಿದರೆ ದಾರಿಯು ಇಮ್ಮಡಿ ಅಗಲವಾದಂತೆ. ೨೦೨೫ರ ಉತ್ತರಾರ್ಧದಲ್ಲಿ, ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯ ದೆಸೆಯಿಂದ, ಹೊಸ ರ‍್ಯಾಮಿನ ಬೆಲೆಯು ಲೋಕದಲ್ಲೆಲ್ಲ ಏರಿತು; ಆದುದರಿಂದ ಪರೀಕ್ಷಿಸಿ ಕೊಂಡ ಹಳೆಯ ಪಟ್ಟಿಗಳೇ ಬಡವನಿಗೆ ಬಂಧು.

ನಾಲ್ಕನೆಯದೇ ಮುಖ್ಯವಾದುದು, ಗ್ರಾಫಿಕ್ಸ್ ಕಾರ್ಡು. ಮದರ್‌ಬೋರ್ಡಿನ ಸ್ಲಾಟು ಅದಕ್ಕೆ ೭೫ ವ್ಯಾಟ್ ವಿದ್ಯುತ್ತನ್ನು ಮಾತ್ರ ಕೊಡಬಲ್ಲದು. ಹೆಚ್ಚು ಬೇಕಾದರೆ ಎಸ್‌ಎಂಪಿಎಸ್‌ನಿಂದ ಪ್ರತ್ಯೇಕ ತಂತಿ ಎಳೆಯಬೇಕು. ಅಗ್ಗದ ಹಳೆಯ ಎಸ್‌ಎಂಪಿಎಸ್‌ಗೆ ದೊಡ್ಡ ಕಾರ್ಡನ್ನು ಕಟ್ಟುವುದೆಂದರೆ ಎಳೆಗರುವಿಗೆ ಗಾಡಿ ಹೂಡಿದಂತೆ. ಇಡೀ ಯಂತ್ರವೇ ಸುಟ್ಟುಹೋಗಬಹುದು. ಅದಕ್ಕಾಗಿ ೨೦೧೯ರಲ್ಲಿ ಬಂದ ಜಿಟಿಎಕ್ಸ್ ೧೬೫೦ ಕಾರ್ಡನ್ನು, ಪ್ರತ್ಯೇಕ ತಂತಿ ಬೇಡದ ಮಾದರಿಯನ್ನೇ ನೋಡಿ, ಕೈ ಬದಲಿಸಿದುದನ್ನು ಕೊಳ್ಳಲು ಹೇಳಿದೆವು. ಮಾರುವವನ ಮನೆಯಲ್ಲಿಯೇ ಅರ್ಧ ಗಂಟೆ ಆಟವಾಡಿಸಿ, ಪರದೆಯಲ್ಲಿ ಗೆರೆಗಳು ಕಾಣುವುವೋ, ಫ್ಯಾನು ಕಿರುಗುಟ್ಟುವುದೋ ಎಂದು ನೋಡದೆ ಹಣ ಕೊಡಬಾರದೆಂದು ಕಟ್ಟುನಿಟ್ಟಾಗಿ ಹೇಳಿದೆವು.

ಪ್ರೊಸೆಸರನ್ನು ಮುಟ್ಟಲಿಲ್ಲ. ಆ ಇಂಟೆಲ್ ಬೋರ್ಡಿನಲ್ಲಿ ಮೇಲೇರಲು ಮೆಟ್ಟಿಲುಗಳು ಕಡಿಮೆ. ೨೦೧೭ರ ಎಎಂಡಿಯ ಎಎಂ೪ ಬೋರ್ಡು ಇದ್ದವರ ಭಾಗ್ಯ ಬೇರೆ; ಬಯಾಸನ್ನು ನವೀಕರಿಸಿದರೆ ಅಂಥ ಬೋರ್ಡುಗಳಲ್ಲಿ ಅನೇಕವು ೨೦೨೦ರ ರೈಜನ್ ೫೦೦೦ ಪ್ರೊಸೆಸರುಗಳನ್ನೂ ಸ್ವೀಕರಿಸುತ್ತವೆ.

ಎಲ್ಲವೂ ಎಂಟು ಸಾವಿರದೊಳಗೆ ಮುಗಿಯಿತು. ಹುಡುಗನು ಬಯಸಿದ ಆಟಗಳಲ್ಲಿ ಹೆಚ್ಚಿನವು ತಡವರಿಸದೆ ನಡೆಯುತ್ತಿವೆ. ಎಲ್ಲವೂ ಅಲ್ಲ. ೨೦೨೪ರ ಡಿಸೆಂಬರಿನಲ್ಲಿ ಬಂದ ಇಂಡಿಯಾನಾ ಜೋನ್ಸ್ ಆಟದಂಥವು ಬೆಳಕಿನ ಕಿರಣಗಳನ್ನು ಲೆಕ್ಕ ಹಾಕುವ ವಿಶೇಷ ಕಾರ್ಡನ್ನೇ ಬೇಡುತ್ತವೆ; ಅವು ಇದರಲ್ಲಿ ನಡೆಯಲಾರವು. ಜೀರ್ಣೋದ್ಧಾರದಿಂದ ಮುದುಕನು ಆರೋಗ್ಯವಂತನಾದಾನು, ತರುಣನಾಗಲಾರನು.

ಹಣ ತೆರುವ ಮೊದಲು ಹಿರಿಯರು ಇನ್ನೊಂದು ಸಂಗತಿಯನ್ನು ತೂಗಿ ನೋಡಬೇಕು. ವಿಂಡೋಸ್ ೧೦ಕ್ಕೆ ಸಾಮಾನ್ಯ ರಕ್ಷಣೆಯು ೨೦೨೫ರ ಅಕ್ಟೋಬರ್ ೧೪ಕ್ಕೆ ಕೊನೆಗೊಂಡಿತು. ಹೆಸರು ನೋಂದಾಯಿಸಿದ ಗೃಹಬಳಕೆದಾರರಿಗೆ ೨೦೨೬ರ ಅಕ್ಟೋಬರ್ ೧೩ರವರೆಗೆ ವಿಸ್ತರಣೆ ಘೋಷಿತವಾಯಿತು. ವಿಂಡೋಸ್ ೧೧ ಇಂಟೆಲ್‌ನ ಎಂಟನೆಯ ಪೀಳಿಗೆಗಿಂತ ಹಿಂದಿನ ಸಾಮಾನ್ಯ ಯಂತ್ರಗಳನ್ನು ವಿಧಿವತ್ತಾಗಿ ಒಪ್ಪುವುದಿಲ್ಲ. ಆದಕಾರಣ ಇಂಥ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರವನ್ನು ನಡೆಸದಿರುವುದು ಕ್ಷೇಮ. ಬೆಲೆಯಿಲ್ಲದೆ ದೊರೆಯುವ ಲಿನಕ್ಸನ್ನು ಹಾಕಿ, ವಾಲ್ವ್ ಸಂಸ್ಥೆಯು ೨೦೧೮ರಲ್ಲಿ ಹೊರತಂದ ಪ್ರೋಟಾನಿನ ಸಹಾಯದಿಂದ ಅನೇಕ ಆಟಗಳನ್ನು ಆಡಬಹುದು. ಆದರೆ ಮೋಸ ತಡೆಯುವ ಬಿಗಿಯಾದ ಕಾವಲುಳ್ಳ ವ್ಯಾಲೊರಂಟಿನಂಥ ಆಟಗಳು ಅಲ್ಲಿ ತೆರೆಯುವುದಿಲ್ಲ. ಈ ಮನೆಯವರು ಬ್ಯಾಂಕಿನ ಕೆಲಸವನ್ನು ಬೇರೆಡೆ ಇರಿಸಿ, ಈ ಯಂತ್ರವನ್ನು ಓದಿಗೂ ಆಟಕ್ಕೂ ಮೀಸಲಿಟ್ಟರು. ಅಂಗವೊಂದನ್ನು ಕೊಳ್ಳುವಾಗ ಮುಂದೆ ಹೊಸ ಪೆಟ್ಟಿಗೆಗೂ ಒದಗುವಂಥದ್ದನ್ನೇ ಕೊಂಡರೆ ನಷ್ಟವಿಲ್ಲ. ಎಸ್‌ಎಸ್‌ಡಿಯೂ ಕಾರ್ಡೂ ಮುಂದಿನ ಯಂತ್ರಕ್ಕೆ ದಾಟಬಲ್ಲವು, ಡಿಡಿಆರ್೩ ಪಟ್ಟಿ ದಾಟಲಾರದು.

ನಮ್ಮೂರಿನ ಮನೆಗಳಿಗೆ ಎರಡು ಎಚ್ಚರಿಕೆಗಳು. ಗುಡುಗು ಮಿಂಚಿನ ಸಂಜೆಗಳಲ್ಲಿ ಪ್ಲಗ್ಗನ್ನೂ ಇಂಟರ್‌ನೆಟ್ಟಿನ ತಂತಿಯನ್ನೂ ಕಳಚಿಡಬೇಕು. ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ನಿನಿಂದ ನೋಡಿಸಬೇಕು. ತೆಗೆದುಹಾಕಿದ ಬಿಡಿಭಾಗಗಳನ್ನು ಹಸಿಕಸ ಒಣಕಸಗಳೊಡನೆ ಬೆರೆಸದೆ ಇ-ತ್ಯಾಜ್ಯ ಕೊಳ್ಳುವ ಅಧಿಕೃತರಿಗೇ ಒಪ್ಪಿಸಬೇಕು.

“ಆಟವೇ ಅನರ್ಥ” ಎನ್ನುವ ಹಿರಿಯರಿಗೆ ಒಂದು ಮಾತು. ಹಣವಿಟ್ಟು ಆಡುವ ಆನ್‌ಲೈನ್ ಆಟಗಳು ಬೇರೆ; ಅವನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು ೨೦೨೫ರ ಆಗಸ್ಟಿನಲ್ಲಿ ಅಂಗೀಕರಿಸಿದೆ. ಗೆಳೆಯರೊಡನೆ ಕಾಲಮಿತಿಯಲ್ಲಿ ಆಡುವ ವಿನೋದ ಬೇರೆ. ಆ ಹುಡುಗನು ಸ್ಕ್ರೂಗಳನ್ನು ತಾನೇ ಬಿಚ್ಚಿ, ತಾನೇ ಜೋಡಿಸಿದನು. ಈಗ ನೆರೆಹೊರೆಯವರ ಕಂಪ್ಯೂಟರು ಕೆಟ್ಟರೆ ಅವನನ್ನೇ ಕರೆಯುತ್ತಾರೆ. ತಾಯಿಯ ಷರತ್ತು ಒಂದೇ: ದೀಪ ಹಚ್ಚುವ ಹೊತ್ತಿನಿಂದ ಊಟದವರೆಗೆ ಓದು, ಊಟದ ಮೇಲೆ ಒಂದು ಗಂಟೆ ಆಟ. ಷರತ್ತು ಈವರೆಗೆ ನಡೆದುಬಂದಿದೆಯೆಂದು ಆಕೆಯೇ ಹೇಳಿದರು. ಹಳೆಯದನ್ನು ಎಸೆಯುವ ಮೊದಲು, ಹೊಸತನ್ನು ಕೊಳ್ಳುವ ಮೊದಲು, ಒಮ್ಮೆ ಪೆಟ್ಟಿಗೆಯನ್ನು ಬಿಚ್ಚಿ ನೋಡಿರೆಂಬುದೇ ವಾಚಕರಲ್ಲಿ ನಮ್ಮ ವಿಜ್ಞಾಪನೆ. ಇತ್ಯಲಂ.