ವಿಹಾರ ನೌಕೆಯಲ್ಲಿ ವಾಂತಿಭೇದಿ

ಸಾವಿರಾರು ಜನರು ದಿನಗಟ್ಟಲೆ ಒಟ್ಟಿಗೆ ಉಂಡು ಮಲಗುವ ವಿಹಾರ ನೌಕೆಗಳಲ್ಲಿ ವಾಂತಿಭೇದಿ ಆಗಾಗ ಹಬ್ಬುವುದುಂಟು. ಬಹುಮಟ್ಟಿಗೆ ಇದಕ್ಕೆ ಕಾರಣ ನೋರೋ ವೈರಾಣು. 1968ರಲ್ಲಿ ಅಮೆರಿಕದ ನಾರ್ವಾಕ್ ಪಟ್ಟಣದ ಶಾಲೆಯೊಂದರಲ್ಲಿ ಈ ಬೇನೆ ಹರಡಿದ್ದರಿಂದ ಆ ಹೆಸರು ಬಂದಿತು. ಕೆಲವೇ ಕಣಗಳು ಹೊಟ್ಟೆ ಸೇರಿದರೂ 12ರಿಂದ 48 ಗಂಟೆಗಳೊಳಗೆ ರೋಗ ತಲೆದೋರುತ್ತದೆ.

ಊಟದ ಮನೆಯ ಬಾಗಿಲಲ್ಲಿ ಸ್ಯಾನಿಟೈಸರ್ ಸವರಿಕೊಂಡು ನಿಶ್ಚಿಂತರಾಗುವವರೇ ಹೆಚ್ಚು. ಕೊಬ್ಬಿನ ಹೊದಿಕೆಯಿಲ್ಲದ ಈ ವೈರಾಣು ಅದಕ್ಕೆ ಸುಲಭವಾಗಿ ಮಣಿಯದು. ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 20 ಸೆಕೆಂಡು ಉಜ್ಜಿ ತೊಳೆಯುವುದೇ ಲೇಸು. ಎಲ್ಲರೂ ಮುಟ್ಟುವ ಸೌಟು, ಕಂಬಿಗಳಿಗೆ ಕ್ಲೋರಿನ್ ದ್ರಾವಣ ಬೇಕು.

ಕೋಣೆಯಲ್ಲಿಯೇ ಇರಿಸಿಬಿಡುವರೆಂಬ ಅಂಜಿಕೆಯಿಂದ ಬೇನೆಯನ್ನು ಮುಚ್ಚಿಟ್ಟು ಪಂಕ್ತಿಗೆ ಬರುವವರೂ ಉಂಟು. ವಾಂತಿ ನಿಂತ ಮೇಲೂ ಕೆಲವು ದಿನ ಮಲದಲ್ಲಿ ವೈರಾಣು ಹೊರಬೀಳುತ್ತಿರುತ್ತದೆ. ಆದುದರಿಂದ ಗುಣಮುಖನಾದ ಅಡುಗೆಯಾಳನ್ನೂ ಕನಿಷ್ಠ 2 ದಿನ ಒಲೆಯಿಂದ ದೂರವಿಡುತ್ತಾರೆ.