ಹಾಡು ಮಾಸ್ಟರಿಂಗಿಗೆ ಹೋಗುವ ಮುಂಚೆ ಮಾರ್ಜಿನ್ ಬಿಡಿ

ರಬೀವುಲ್ ಅವ್ವಲ್ ಹತ್ತಿರ ಬಂತೆಂದರೆ ನಮ್ಮ ಕರಾವಳಿಯ ಹುಡುಗರು ಹೊಸ ಮದ್‌ಹ್ ಹಾಡು, ಬ್ಯಾರಿ ಹಾಡು ಎಂದು ಸ್ಟುಡಿಯೊ ಹತ್ತುವುದು ಈಗ ಮಾಮೂಲು. ಮದುವೆ ಸೀಸನ್‌ನಲ್ಲೂ ಹಾಗೆಯೇ. ನಾಲ್ಕು ಜನ ಸೇರಿ ದುಡ್ಡು ಹಾಕ್ತಾರೆ, ಗಲ್ಫಿನಲ್ಲಿರುವ ಕಾಕಂದಿರು ಒಂದಿಷ್ಟು ಕಳಿಸ್ತಾರೆ. ಸಾಹಿತ್ಯ ಚೆನ್ನ, ಸ್ವರವೂ ಚೆನ್ನ. ಆದರೆ ಯೂಟ್ಯೂಬಿಗೆ ಬಂದ ಮೇಲೆ ಕೇಳಿದರೆ ದಫ್‌ನ ಬಡಿತ ಮಾತ್ರ ಕಿವಿಗೆ ಬೀಳುತ್ತದೆ, ಪದ ತಿಳಿಯುವುದೇ ಇಲ್ಲ. ಆಗ ಎಲ್ಲರೂ ದೂರುವುದು ಮಾಸ್ಟರಿಂಗ್ ಮಾಡಿದವರನ್ನು. ಎಷ್ಟೋ ಸಲ ತಪ್ಪು ಅವರದ್ದಲ್ಲ, ಅವರಿಗೆ ಕಳಿಸಿದ ಫೈಲಿನದ್ದು.

ಹಾಡು ತಯಾರಾಗುವುದು ಮೂರು ಹಂತದಲ್ಲಿ. ಮೊದಲು ರೆಕಾರ್ಡಿಂಗ್. ಆಮೇಲೆ ಮಿಕ್ಸಿಂಗ್, ಅಂದರೆ ಹಾಡುವವನ ಸ್ವರ, ಹಿಮ್ಮೇಳದ ಮಕ್ಕಳ ಸ್ವರ, ದಫ್ ಎಲ್ಲವನ್ನೂ ಬೇಕಾದ ಅಳತೆಯಲ್ಲಿ ಸೇರಿಸುವುದು. ಕೊನೆಯದು ಮಾಸ್ಟರಿಂಗ್. ಇಲ್ಲಿ ಇಂಜಿನಿಯರ್ ಕೈಗೆ ಸಿಗುವುದು ಎಲ್ಲ ಸೇರಿ ಒಂದಾದ ಫೈಲ್. ಅದರೊಳಗಿನ ದಫ್ಪನ್ನು ಮಾತ್ರ ತಗ್ಗಿಸಿ, ಸ್ವರವನ್ನು ಮಾತ್ರ ಏರಿಸಿ ಎಂದರೆ ಕಷ್ಟ. ಒಂದನ್ನು ಮುಟ್ಟಿದರೆ ಇನ್ನೊಂದಕ್ಕೂ ತಾಗುತ್ತದೆ. ಆದ್ದರಿಂದ ಮಿಕ್ಸಿನಲ್ಲಿ ಸರಿ ಮಾಡಬೇಕಾದ್ದನ್ನು ಅಲ್ಲಿಯೇ ಸರಿ ಮಾಡಬೇಕು.

ಮದ್ರಸದಲ್ಲಿ ಕೆಲವು ಮಕ್ಕಳು ಪುಸ್ತಕದ ಈ ಅಂಚಿನಿಂದ ಆ ಅಂಚಿನವರೆಗೆ ಬರೆದು ತರ್ತಾರೆ. ತಿದ್ದುವವರು ಎಲ್ಲಿ ಬರೆಯಬೇಕು? ಮಿಕ್ಸ್ ಕಳಿಸುವಾಗಲೂ ಮಾರ್ಜಿನ್ ಬೇಕು. ಡಿಜಿಟಲ್‌ನಲ್ಲಿ ಸೊನ್ನೆ ಡೆಸಿಬೆಲ್ ಎಂಬುದು ಮೇಲಿನ ಗೆರೆ. ಅದನ್ನು ದಾಟಿದ ಶಬ್ದ ಕತ್ತರಿಸಿಹೋಗುತ್ತದೆ, ಕರಕರ ಎನ್ನುತ್ತದೆ. ದಫ್‌ನ ಪೆಟ್ಟು ಒಮ್ಮೆಲೇ ಮೇಲಕ್ಕೆ ಹಾರುವಂಥದ್ದು. ಅತಿ ಜೋರಿನ ಪೆಟ್ಟು ಕೂಡ ಮೈನಸ್ 6 ಡೆಸಿಬೆಲ್ ಹತ್ತಿರ ನಿಂತರೆ ಇಂಜಿನಿಯರಿಗೆ ಕೆಲಸ ಮಾಡಲು ಜಾಗ ಉಳಿಯುತ್ತದೆ. ಅಷ್ಟು ಬಿಟ್ಟರೆ ಗುಣಮಟ್ಟ ಹೋಗ್ತದಲ್ಲಾ ಎಂದು ಹೆದರುವುದು ಬೇಡ. 24 ಬಿಟ್ ಫೈಲಿನಲ್ಲಿ ಒಂದೊಂದು ಬಿಟ್‌ಗೆ ಸುಮಾರು 6 ಡೆಸಿಬೆಲ್ ಲೆಕ್ಕ. 24ರಲ್ಲಿ ಒಂದನ್ನು ಬಿಟ್ಟರೆ ಬಡವಾಗುವುದಿಲ್ಲ.

ಹೆಚ್ಚಿನವರು ಎಡವುವುದು ಲಿಮಿಟರಿನಲ್ಲಿ. ಹಾಡು ಜೋರಾಗಿ ಕೇಳಲಿ ಎಂದು ಮಿಕ್ಸಿನ ಕೊನೆಯಲ್ಲಿ ಲಿಮಿಟರ್ ಹಾಕಿ ಎಲ್ಲವನ್ನೂ ಚಪ್ಪಟೆ ಮಾಡ್ತಾರೆ. ಆಮೇಲೆ ಫೇಡರ್ ಕೆಳಗೆಳೆದು ಮೈನಸ್ 6 ತೋರಿಸಿದರೆ ಪ್ರಯೋಜನ ಇಲ್ಲ, ಚಪ್ಪಟೆಯಾದದ್ದು ಚಪ್ಪಟೆಯೇ. 2008ರಲ್ಲಿ ಅಮೆರಿಕದ ಮೆಟಾಲಿಕಾ ಎಂಬ ದೊಡ್ಡ ತಂಡದ 'ಡೆತ್ ಮ್ಯಾಗ್ನೆಟಿಕ್' ಆಲ್ಬಂ ಬಂದಾಗ ಶಬ್ದ ಒಡೆದು ಕೇಳುತ್ತದೆ ಎಂದು ಅಭಿಮಾನಿಗಳೇ ಗಲಾಟೆ ಮಾಡಿದರು. ಮಾಸ್ಟರಿಂಗ್ ಮಾಡಿದ ಟೆಡ್ ಜೆನ್ಸನ್, ತನ್ನ ಬಳಿಗೆ ಬರುವ ಮೊದಲೇ ಮಿಕ್ಸ್‌ಗಳು ಚಪ್ಪಟೆಯಾಗಿದ್ದವು ಎಂದು ಹೇಳಿದ್ದು ಸುದ್ದಿಯಾಯಿತು. ಅಂಥ ಹೆಸರಾಂತ ಇಂಜಿನಿಯರಿಗೇ ಆಗದ್ದು ನಮ್ಮೂರಿನವರಿಗೆ ಹೇಗೆ ಆದೀತು?

ಈಗಂತೂ ಜೋರು ಮಾಡಿ ಲಾಭವೂ ಇಲ್ಲ. ಯೂಟ್ಯೂಬ್, ಸ್ಪಾಟಿಫೈಗಳಲ್ಲಿ ಅತಿ ಜೋರಿನ ಹಾಡನ್ನು ತಾನಾಗಿಯೇ ತಗ್ಗಿಸುವ ವ್ಯವಸ್ಥೆ ಉಂಟು. ಜೋರು ಹೋಗುತ್ತದೆ, ಒಡಕು ಉಳಿಯುತ್ತದೆ. ಆದ್ದರಿಂದ ಜೋರಿಗೆಂದೇ ಹಾಕಿದ ಲಿಮಿಟರ್ ತೆಗೆದು ಕಳಿಸಿ. ನೀವು ಮನೆಯಲ್ಲಿ ಕೇಳಿ ಮೆಚ್ಚಿದ ಜೋರಿನ ಪ್ರತಿಯನ್ನೂ ಬೇರೆಯಾಗಿ ಜೊತೆಗಿಡಿ. ನಿಮ್ಮ ಮನಸ್ಸಿನಲ್ಲಿ ಏನಿದೆ ಎಂದು ಅವರಿಗೆ ತಿಳಿಯುತ್ತದೆ.

ನಮ್ಮ ಹಾಡುಗಳಿಗೆ ಇನ್ನೊಂದು ವಿಶೇಷ ಎಚ್ಚರಿಕೆ ಬೇಕು. ಮೈಕಿನಲ್ಲಿ 'ಸ', 'ಶ' ಚುಚ್ಚಿದಂತೆ ಕೇಳುತ್ತದೆ. ಅದನ್ನು ತಗ್ಗಿಸಲು ಡಿ-ಎಸ್ಸರ್ ಎಂಬುದು ಉಂಟು. ಹಿತಮಿತವಾಗಿ ಹಾಕಿದರೆ ಒಳ್ಳೆಯದು. ಅತಿಯಾದರೆ ತೊದಲಿದಂತಾಗಿ 'ಸೀನ್' ಅಕ್ಷರ ನಾಲಗೆ ಹಲ್ಲಿನ ಮಧ್ಯೆ ಬಂದ 'ಥಾ' ಆಗಿ ಕೇಳುತ್ತದೆ. ಹಾಡಿದ ಹುಡುಗ ಮಖ್‌ರಜ್ ಸರಿಯಾಗಿಯೇ ಉಚ್ಚರಿಸಿರುತ್ತಾನೆ, ಯಂತ್ರ ಕೆಡಿಸುತ್ತದೆ. ಈ ಕೆಲಸವನ್ನು ಸ್ವರದ ಟ್ರ್ಯಾಕಿನಲ್ಲಿ ಮಾತ್ರ, ಮಿಕ್ಸಿನಲ್ಲೇ ಮುಗಿಸಿ. ಅರಬಿ ಬಲ್ಲವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಮಾಸ್ಟರಿಂಗಿಗೆ ಬಿಟ್ಟರೆ ದಫ್‌ನ ಹೊಳಪೂ ಜೊತೆಗೆ ಹೋದೀತು.

ಪ್ರತಿಧ್ವನಿಯೂ ಹಾಗೆಯೇ. ದೊಡ್ಡ ಹಾಲಿನಲ್ಲಿ ಹಾಡಿದಂತೆ ಕೇಳಲಿ ಎಂದು ರಿವರ್ಬ್ ಸುರಿದರೆ ಒಂದು ಪದದ ಬಾಲ ಇನ್ನೊಂದು ಪದದ ಮೇಲೆ ಬೀಳುತ್ತದೆ. ಅದನ್ನು ಆಮೇಲೆ ಹಿಂತೆಗೆಯುವುದು ಸುಲಭವಲ್ಲ. ಕಳಿಸುವ ಮುಂಚೆ ಒಮ್ಮೆ ಮೊನೊದಲ್ಲಿ, ಅಂದರೆ ಎರಡೂ ಬದಿ ಸೇರಿಸಿ ಒಂದೇ ಸ್ಪೀಕರಿನಲ್ಲಿ ಕೇಳಿ. ಅಗಲ ಮಾಡಿದ ಹಿಮ್ಮೇಳ ಕೆಲವೊಮ್ಮೆ ಅಲ್ಲಿ ಮಾಯವಾಗುತ್ತದೆ. ಒಂದೇ ಸ್ಪೀಕರಿನ ಫೋನಿನಲ್ಲಿ ಕೇಳುವವರು ನಮ್ಮಲ್ಲಿ ಎಷ್ಟು ಜನ!

ಫೈಲ್ ವಿಷಯ. ವೇವ್ ಫೈಲ್, 24 ಬಿಟ್ ಇರಲಿ. ರೆಕಾರ್ಡ್ ಮಾಡಿದ್ದು 48 ಕಿಲೋಹರ್ಟ್ಸ್ ಆದರೆ 48ರಲ್ಲೇ, 44.1 ಆದರೆ ಅದರಲ್ಲೇ ಕಳಿಸಿ. ಎಂಪಿ3 ಮಾಡಬೇಡಿ, ಅದರಲ್ಲಿ ಕಳೆದುಹೋದದ್ದು ಮತ್ತೆ ಬರುವುದಿಲ್ಲ. ಡ್ರೈವ್ ಲಿಂಕ್ ಕೊಡುವುದು ಭದ್ರ. ಹಾಡಿನ ಮೊದಲು, ಕೊನೆಗೆ ಒಂದೆರಡು ಸೆಕೆಂಡ್ ಖಾಲಿ ಬಿಡಿ, ಕೊನೆಯ ಸ್ವರದ ಗುಂಗು ಕತ್ತರಿಸಬಾರದು. ಫೈಲಿಗೆ 'ಫೈನಲ್, ಹೊಸ ಫೈನಲ್' ಎಂದೆಲ್ಲ ಹೆಸರಿಡದೆ ಹಾಡಿನ ಹೆಸರು, ತಾರೀಕು ಹಾಕಿ. ಸ್ವರ ಒಂದು ಡೆಸಿಬೆಲ್ ಏರಿಸಿದ ಇನ್ನೊಂದು ಪ್ರತಿ, ದಫ್ ಇಲ್ಲದ ಬರೀ ಸ್ವರದ ಪ್ರತಿ, ಮಕ್ಕಳು ವೇದಿಕೆಯಲ್ಲಿ ಹಾಡಲು ಸ್ವರವಿಲ್ಲದ ಪ್ರತಿ, ಇವನ್ನೂ ಒಟ್ಟಿಗೇ ಮಾಡಿಡಿ. ಬರೆದವರ, ಹಾಡಿದವರ ಹೆಸರನ್ನು ಸರಿಯಾದ ಅಕ್ಷರದಲ್ಲಿ ಚೀಟಿ ಬರೆದು ಕೊಡಿ.

ಇಷ್ಟೆಲ್ಲ ಯಾಕೆ ಮಾರಾಯ್ರೆ, ಒಂದು ಹಾಡಿಗೆ? ಬ್ಯಾರಿ ನಾವು ಬರೆಯುವುದಕ್ಕಿಂತ ಹೆಚ್ಚು ಆಡುವ ಭಾಷೆ. ಹಳಬರ ಬಾಯಿಯ ಎಷ್ಟೋ ಪದಗಳನ್ನು ಇಂದಿನ ಮಗು ಕೇಳುವುದು ಹಾಡಿನಲ್ಲಿ. ಅಲ್ಲೂ ದಫ್‌ನ ಅಡಿಯಲ್ಲಿ ಪದ ಮುಳುಗಿದರೆ ಮತ್ತೆಲ್ಲಿ ಕೇಳ್ತದೆ? ಮಿಕ್ಸ್ ಮುಗಿದ ದಿನ ಸಾಹಿತ್ಯ ನೋಡದ ಮನೆಯ ಉಮ್ಮನಿಗೆ ಫೋನಿನಲ್ಲೇ ಕೇಳಿಸಿ. ಅವರು ಸಾಲುಗಳನ್ನು ತಿರುಗಿ ಹೇಳಿದರೆ ಫೈಲ್ ಕಳಿಸಬಹುದು. ಇಲ್ಲವಾದರೆ ಇನ್ನೊಂದು ರಾತ್ರಿ ಕೂತು ಸರಿ ಮಾಡಿ.